ಹಾಡು ಮುಗಿದ ಮೇಲೆ ಕೂಗಿದ ಹೆಸರು: ಗೌಹರ್ ಜಾನ್‌ನಿಂದ ಹುಬ್ಬಳ್ಳಿಯ 'ಗಾಂಧಾರಿ'ವರೆಗೆ

[ಹಳೆಯ ಗ್ರಾಮಫೋನ್ ಪ್ಲೇಟಿನ ಸದ್ದು]

ಈಗ ಕೇಳಿಸಿದ್ದು ನೆಟ್‌ವರ್ಕ್ ಸಮಸ್ಯೆ ಅಲ್ಲ, ನಿಮ್ಮ ಇಯರ್‌ಫೋನೂ ಕೆಟ್ಟಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂತಿದ್ದದ್ದು ನೂರು ವರ್ಷಕ್ಕಿಂತ ಹಳೆಯ ಒಂದು ಪ್ಲೇಟು. ಆ ಚಟಪಟದ ಹಿಂದಿನಿಂದ ಒಬ್ಬ ಹೆಣ್ಣುಮಗಳು ಮೂರು ನಿಮಿಷ ಹಾಡಿ, ಹಾಡು ನಿಂತಿತೋ ಇಲ್ಲವೋ ಅನ್ನುವಷ್ಟರಲ್ಲಿ ಇಂಗ್ಲಿಷಿನಲ್ಲಿ ಕೂಗಿದ್ದು ಕೇಳಿಸಿತಲ್ಲ? "ಮೈ ನೇಮ್ ಈಸ್ ಗೌಹರ್ ಜಾನ್!"

ಎರಡು ತಿಂಗಳಿಂದ ಬಸ್ಸಲ್ಲಿ, ಮೆಟ್ರೋದಲ್ಲಿ, ರಾತ್ರಿ ಪಾತ್ರೆ ತೊಳೆಯುವಾಗ ನಾನು ಕೇಳ್ತಿರೋದು ಹೆಚ್ಚೂಕಮ್ಮಿ ಇಂಥವನ್ನೇ. 78 ಆರ್‌ಪಿಎಂ ಪ್ಲೇಟುಗಳು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳು. ಇವನ್ನ ವರ್ಷಗಟ್ಟಲೆ ಕೂಡಿಟ್ಟ ಹವ್ಯಾಸಿಗಳು ಒಂದೊಂದಾಗಿ ಡಿಜಿಟಲ್ ಮಾಡಿ ಅಂತರ್ಜಾಲಕ್ಕೆ ಏರಿಸ್ತಿದ್ದಾರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣಕ್ಕೆ ಕಾಪಿರೈಟ್ ಇರೋದು 60 ವರ್ಷ. ಇವು ಆ ಗಡಿ ದಾಟಿ ಎಷ್ಟೋ ಕಾಲ ಆಯ್ತು.

ನಾನು ಸಂಗೀತ ಕಲಿತವನಲ್ಲ. ಓದಿದ್ದು ಬಿ.ಕಾಂ. ರಾಗ ಯಾವುದು ಅಂತ ಯೋಚನೆ ಮಾಡೋಕೆ ಮುಂಚೆ ನನ್ನ ತಲೆ ಕೇಳೋದು, 'ಇದಕ್ಕೆ ಯಾರು ಯಾರಿಗೆ ಎಷ್ಟು ಕೊಟ್ಟರು?' ಅಂತ. ಇವತ್ತಿನ ಸಂಚಿಕೆಯೂ ಅದೇ ದಾರಿಯಲ್ಲಿ ಹೋಗುತ್ತೆ. ಇಬ್ಬರು ಗಾಯಕಿಯರು, ಅವರ ಪ್ಲೇಟು, ಪ್ಲೇಟಿನ ಮೇಲಿನ ಹೆಸರು. ಒಬ್ಬರು ಕಲ್ಕತ್ತಾದಲ್ಲಿ ಮೆರೆದು ಮೈಸೂರಿನಲ್ಲಿ ತೀರಿಕೊಂಡವರು. ಇನ್ನೊಬ್ಬರು ನಮ್ಮ ಹುಬ್ಬಳ್ಳಿಯವರು.

ಮೊದಲು ಆ ಕೂಗಿನ ವಿಷಯ.

1902ರ ನವೆಂಬರ್. ಲಂಡನ್ನಿನ ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞನನ್ನು ಕಲ್ಕತ್ತಾಕ್ಕೆ ಕಳಿಸಿತ್ತು. ಕಲಾಸೇವೆಗೆ ಅಂತ ಅಂದ್ಕೋಬೇಡಿ. ಗ್ರಾಮಫೋನ್ ಪೆಟ್ಟಿಗೆ ಇಲ್ಲಿ ಮಾರಾಟ ಆಗಬೇಕು ಅಂದ್ರೆ ಅದರ ಮೇಲೆ ತಿರುಗಿಸೋಕೆ ಇಲ್ಲಿನ ಹಾಡು ಬೇಕಲ್ಲ, ಅದಕ್ಕೆ. ಹೋಟೆಲ್ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡರು. ಮೊದಲು ಹಾಡಿದವರು ಕಲ್ಕತ್ತಾದ ರಂಗಭೂಮಿಯ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ. ಕೆಲವೇ ದಿನಗಳಲ್ಲಿ ಗೌಹರ್ ಜಾನ್ ಬಂದರು. ಆಗ ಅವರಿಗೆ 29 ವರ್ಷ, ಊರಿಗೆಲ್ಲ ಗೊತ್ತಿದ್ದ ಹೆಸರು.

ಆಗ ಮೈಕ್ ಇಟ್ಟು ರೆಕಾರ್ಡ್ ಮಾಡೋದು ಇರಲಿಲ್ಲ. ಒಂದು ದೊಡ್ಡ ಕೊಂಬು ಇರ್ತಿತ್ತು. ಅದರ ಅಗಲ ಬಾಯಿಗೆ ಮುಖ ಕೊಟ್ಟು ಹಾಡಬೇಕು. ದನಿಯ ಒತ್ತಡಕ್ಕೆ ಕೊಂಬಿನ ಆ ತುದಿಯಲ್ಲಿರುವ ತೆಳುವಾದ ಪೊರೆ ಅದುರುತ್ತೆ, ಪೊರೆಗೆ ಸಿಕ್ಕಿಸಿದ ಮುಳ್ಳು ತಿರುಗುತ್ತಿರುವ ಮೇಣದ ತಟ್ಟೆಯಲ್ಲಿ ಗೀರು ಕೊರೆಯುತ್ತೆ. ಅಷ್ಟೇ ತಂತ್ರಜ್ಞಾನ. ದನಿಯನ್ನು ದೊಡ್ಡದು ಮಾಡೋಕೆ ಕರೆಂಟಿನ ಸಹಾಯ ಇಲ್ಲ. ಮೆಲ್ಲಗೆ ಹಾಡಿದರೆ ಮುಳ್ಳು ಅಲ್ಲಾಡಲ್ಲ. ನಡುವೆ ಕೆಮ್ಮಿದರೆ ಮೇಣ ಹಾಳು, ಮತ್ತೆ ಮೊದಲಿಂದ.

ಆ ಮೇಣದ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗ್ತಿತ್ತು. ಅಲ್ಲಿ ಅದರಿಂದ ಲೋಹದ ಅಚ್ಚು ತೆಗೆದು, ಪ್ಲೇಟು ಒತ್ತಿ, ಲೇಬಲ್ ಅಂಟಿಸಿ, ಮತ್ತೆ ಹಡಗಿನಲ್ಲಿ ಇಲ್ಲಿಗೆ. ಈಗ ಹ್ಯಾನೋವರಿನ ಕಾರ್ಖಾನೆಯಲ್ಲಿ ಕೂತವನನ್ನ ನೆನೆಸಿಕೊಳ್ಳಿ. ಅವನಿಗೆ ಹಿಂದಿ ಗೊತ್ತಿಲ್ಲ, ಬಂಗಾಳಿ ಗೊತ್ತಿಲ್ಲ, ಠುಮ್ರಿಗೂ ಖಯಾಲ್‌ಗೂ ವ್ಯತ್ಯಾಸ ಗೊತ್ತಿಲ್ಲ. ಎದುರಿಗೆ ತಟ್ಟೆಗಳ ರಾಶಿ. ಯಾವ ಲೇಬಲ್ ಯಾವುದಕ್ಕೆ? ಅದಕ್ಕೇ ಹಾಡು ಮುಗಿದ ತಕ್ಷಣ ಹಾಡಿದವರೇ ತಮ್ಮ ಹೆಸರು ಹೇಳಬೇಕು. ಆ ಕೂಗು ಕೇಳುಗರಿಗೆ ಅಲ್ಲವೇ ಅಲ್ಲ, ಕಾರ್ಖಾನೆಗೆ. ಕಾಲೇಜಿನಲ್ಲಿ ನಮ್ಮ ಅಕೌಂಟ್ಸ್ ಮೇಷ್ಟ್ರು ಒಬ್ಬರು ಜರ್ನಲ್ ಎಂಟ್ರಿ ಕೆಳಗೆ ನರೇಶನ್ ಬರೆಯದಿದ್ದರೆ ಪೂರ್ತಿ ಮಾರ್ಕ್ಸ್ ಕೊಡ್ತಿರಲಿಲ್ಲ. ಗೌಹರ್ ಜಾನ್ ಮಾಡ್ತಿದ್ದದ್ದು ಅದನ್ನೇ, ಎಂಟ್ರಿ ಕೆಳಗೆ ನರೇಶನ್. ಆದರೆ ಎಂಥಾ ನರೇಶನ್ ನೋಡಿ! ಆ ಜೋರು, ಆ ಠೀವಿ. ಲೆಕ್ಕಕ್ಕೆ ಬೇಕು ಅಂತ ಹೇಳಿಸಿದ ಹೆಸರನ್ನ ಅವರು ಸಹಿ ಹಾಕಿದ ಹಾಗೆ ಹೇಳ್ತಾರೆ.

ಇಲ್ಲಿ ಒಂದು ಅಡ್ಡದಾರಿ, ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ. ಈ ಪ್ಲೇಟು ಯಾವುದರಿಂದ ಮಾಡ್ತಿದ್ರು ಗೊತ್ತಾ? ಷೆಲ್ಯಾಕ್. ಕನ್ನಡದಲ್ಲಿ ಅರಗು. ಪಾಂಡವರನ್ನ ಸುಡೋಕೆ ಕಟ್ಟಿಸಿದ ಅರಗಿನ ಮನೆ ಇದೆಯಲ್ಲ, ಅದೇ ಅರಗು. ಮರದ ಟೊಂಗೆಗೆ ಅಂಟಿಕೊಂಡ ಪುಟ್ಟ ಹುಳುಗಳು ಸ್ರವಿಸುವ ಅಂಟು. ಜಗತ್ತಿಗೆ ಅರಗು ಹೆಚ್ಚಾಗಿ ಹೋಗ್ತಿದ್ದದ್ದು ಭಾರತದ ಕಾಡುಗಳಿಂದ. ಅಂದ್ರೆ ಕಚ್ಚಾ ಮಾಲು ಇಲ್ಲಿಂದ, ದನಿ ಇಲ್ಲಿಂದ, ಕೊಳ್ಳೋ ಗಿರಾಕಿಯೂ ಇಲ್ಲೇ. ನಡುವೆ ಎರಡು ಸಲ ಸಮುದ್ರ ದಾಟಿ ಬಂದದ್ದು ಲಾಭ ಮಾತ್ರ. 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲೇ ಪ್ಲೇಟು ಒತ್ತುವ ಕಾರ್ಖಾನೆ ಶುರುವಾಯಿತು. ಇಲ್ಲಿನ ಬೇಡಿಕೆ ಅಷ್ಟು ಬೆಳೆದಿತ್ತು.

ಸರಿ, ಹಾಡಿಗೆ ಬರೋಣ. ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ಖಯಾಲ್ ಕಚೇರಿಯಲ್ಲಿ ಗಂಟೆ ಹೊತ್ತು ನಡೆಯುತ್ತೆ. ಮೂರು ನಿಮಿಷದಲ್ಲಿ ಏನು ಮಾಡ್ತೀರಿ? ಎಷ್ಟೋ ಪ್ಲೇಟುಗಳಲ್ಲಿ ಹಾಡುವವರು ಕೊಂಬಿನ ಎದುರು ಗಲಿಬಿಲಿಗೊಂಡದ್ದು ಈಗಲೂ ಕೇಳಿಸುತ್ತೆ. ಹಾಡು ಇನ್ನೂ ಬೆಳೀತಿರುತ್ತೆ, ತಟ್ಟೆ ಮುಗಿದೇ ಹೋಗುತ್ತೆ. ಗೌಹರ್ ಜಾನ್ ಹಾಗಲ್ಲ. ಆಲಾಪಕ್ಕೆ ಅಂತ ಹೊತ್ತು ಕಳೆಯದೆ ನೇರವಾಗಿ ಪಲ್ಲವಿಗೆ ಬಂದು, ಎರಡು ಮೂರು ತಿರುವಿನಲ್ಲಿ ರಾಗದ ಮುಖ ತೋರಿಸಿ, ಕೊನೆಯ ನಿಮಿಷದಲ್ಲಿ ತಾನುಗಳನ್ನ ಸುರಿದು, ಸರಿಯಾಗಿ ಹೆಸರಿಗೆ ಜಾಗ ಉಳಿಸಿಕೊಂಡು ನಿಲ್ಲಿಸ್ತಾರೆ. ಎಲ್ಲವೂ ನನಗೆ ಹಿಡಿಸಿವೆ ಅಂತ ಹೇಳಲ್ಲ. ಕೆಲವು ಹೊರಟ ರೈಲನ್ನ ಓಡಿ ಹತ್ತಿದ ಹಾಗಿವೆ, ಕೇಳೋ ನನಗೇ ಏದುಸಿರು. ಆದರೆ ಅವರ ಭೈರವಿ ರಾಗದ ಠುಮ್ರಿ ಸಿಕ್ಕರೆ ಬಿಡಬೇಡಿ. ಅಲ್ಲಿ ಆತುರ ಕಾಣಲ್ಲ.

ಈ ಹೊಸ ಯಂತ್ರದ ಎದುರು ಮೊದಲು ಧೈರ್ಯವಾಗಿ ನಿಂತವರಲ್ಲಿ ಹೆಚ್ಚಿನವರು ಹೆಂಗಸರು. ದೊಡ್ಡ ಉಸ್ತಾದರಲ್ಲಿ ಹಲವರು ಹಿಂಜರಿದರು. ಮನೆತನದ ವಿದ್ಯೆ ಬೀದಿಪಾಲಾಗುತ್ತೆ, ಕೊಂಬು ದನಿಯನ್ನೇ ಹೀರಿಬಿಡುತ್ತೆ ಅನ್ನೋ ಭಯ ಇತ್ತಂತೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ನಾಲ್ಕು ಜನರ ಎದುರು ಹಾಡುವಂತೆಯೇ ಇರಲಿಲ್ಲ. ಉಳಿದವರು ಉತ್ತರದಲ್ಲಿ ತವಾಯಫ್‌ರು, ದಕ್ಷಿಣದಲ್ಲಿ ದೇವದಾಸಿ ಮನೆತನದವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ ಅವರೂ ಪ್ಲೇಟಿಗೆ ಹಾಡಿದವರು. ಅವರದ್ದೇ ಒಂದು ಸಂಚಿಕೆ ಆಗಬೇಕು, ಇಲ್ಲಿ ತುರುಕಲ್ಲ.

ಈಗ ದುಡ್ಡಿನ ವಿಷಯ. ಗೌಹರ್ ಜಾನ್ ಒಂದು ಸಲದ ರೆಕಾರ್ಡಿಂಗ್‌ಗೆ 3,000 ರೂಪಾಯಿ ಕೇಳಿದ್ದರು ಅಂತ ಹೇಳ್ತಾರೆ. ಇವತ್ತು ಬೆಂಗಳೂರಿನಲ್ಲಿ ಅಷ್ಟಕ್ಕೆ ಒಂದು ಕುಟುಂಬದ ಭಾನುವಾರದ ಊಟ ಮುಗಿಯುತ್ತೆ. ಆಗ? ಆ ಕಾಲದಲ್ಲಿ ಸರ್ಕಾರ ಗೊತ್ತುಮಾಡಿದ್ದ ದರ, ಒಂದು ಬ್ರಿಟಿಷ್ ಸವರನ್ ಚಿನ್ನದ ನಾಣ್ಯಕ್ಕೆ 15 ರೂಪಾಯಿ. ನಮ್ಮ ಮನೆಗಳಲ್ಲಿ ಈಗಲೂ ಅಜ್ಜಿಯರು 'ಹತ್ತು ಸವರನ್ ಸರ' ಅಂತಾರಲ್ಲ, ಆ ಸವರನ್. 3,000 ಭಾಗಿಸು 15, ಅಂದ್ರೆ 200 ಸವರನ್. ಒಂದಕ್ಕೆ ಸುಮಾರು 8 ಗ್ರಾಂ, ಒಟ್ಟು ಒಂದೂವರೆ ಕಿಲೋಗಿಂತ ಹೆಚ್ಚು ಚಿನ್ನ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಇವತ್ತಿನ ದರಕ್ಕೆ ನೀವೇ ಗುಣಿಸಿ ನೋಡಿ.

ಆದರೆ ಆ ಕಾಲದ ರೂಢಿ ಹಾಡಿದ ದಿನ ದುಡ್ಡು, ಅಲ್ಲಿಗೆ ಮುಗೀತು. ಪ್ಲೇಟು ನೂರು ಮಾರಲಿ, ಲಕ್ಷ ಮಾರಲಿ, ಅದು ಕಂಪನಿಯ ಖಾತೆ. ನಮ್ಮ ಕಾನೂನಿನಲ್ಲಿ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ ಅಂತ ಬರೆದದ್ದೇ 1994ರ ತಿದ್ದುಪಡಿಯಲ್ಲಿ. ಅದಕ್ಕೆ ಇನ್ನಷ್ಟು ಬಲ ಬಂದದ್ದು 2012ರಲ್ಲಿ. ಗೌಹರ್ ಜಾನ್ ತೀರಿಕೊಂಡು ಆರು ದಶಕ ದಾಟಿತ್ತು. ಇನ್ನೊಂದು ಮಾತು. ಅವರ ಹಿಂದೆ ಹಾರ್ಮೋನಿಯಂ ನುಡಿಸಿದವರು, ತಬಲಾ ನುಡಿಸಿದವರು ಯಾರು? ನಾನು ಕೇಳಿದ ಯಾವ ಪ್ಲೇಟಿನ ಕೊನೆಯಲ್ಲೂ ಅವರ ಹೆಸರು ಇಲ್ಲ. ಅವರಿಗೆ ಕೂಗು ಅಂತ ಯಾರೂ ಹೇಳಿರಲಿಲ್ಲ.

ಹೆಸರನ್ನ ಅಷ್ಟು ಗಟ್ಟಿಯಾಗಿ ಹೇಳಿದ ಹೆಂಗಸಿನ ಹುಟ್ಟುಹೆಸರು ಅದಲ್ಲ. 1873ರಲ್ಲಿ ಉತ್ತರಪ್ರದೇಶದ ಆಜಂಗಢದಲ್ಲಿ ಹುಟ್ಟಿದಾಗ ಆಕೆ ಆಂಜೆಲಿನಾ ಯೊವಾರ್ಡ್. ತಂದೆ ಆರ್ಮೇನಿಯನ್ ಮೂಲದ ಎಂಜಿನಿಯರ್, ತಾಯಿ ವಿಕ್ಟೋರಿಯಾ. ಮಗು ಚಿಕ್ಕದಿರುವಾಗಲೇ ಮದುವೆ ಮುರಿಯಿತು. ತಾಯಿ ಮಗಳನ್ನು ಕಟ್ಟಿಕೊಂಡು ಬನಾರಸ್‌ಗೆ ಹೋಗಿ ಇಸ್ಲಾಂ ಸೇರಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್. ಆಮೇಲೆ ಕಲ್ಕತ್ತಾ. ತಾಯಿಯೂ ದೊಡ್ಡ ಗಾಯಕಿಯೇ. ಆ ತಾಯಿ ತೀರಿಕೊಂಡ ಮೇಲೆ ಆಸ್ತಿಯ ಜಗಳ ಕೋರ್ಟಿಗೆ ಹೋಯಿತು. ತಾನು ಯಾರ ಮಗಳು ಅಂತ ಗೌಹರ್ ಜಾನ್ ನ್ಯಾಯಾಧೀಶರ ಎದುರು ಸಾಬೀತು ಮಾಡಬೇಕಾಯಿತು. ಒಂದು ಕಡೆ ಪ್ಲೇಟು ತಿರುಗಿದಲ್ಲೆಲ್ಲ 'ನನ್ನ ಹೆಸರು ಇದು' ಅನ್ನೋ ದನಿ. ಇನ್ನೊಂದು ಕಡೆ ಅದೇ ಹೆಂಗಸು ಕಟಕಟೆಯಲ್ಲಿ ನಿಂತು ನಾನು ನಾನೇ ಅನ್ನೋದಕ್ಕೆ ಸಾಕ್ಷಿ ಹುಡುಕುತ್ತಿದ್ದಾರೆ. ಈ ಭಾಗ ಓದಿದ ಮೇಲೆ ಆ ಕೂಗು ನನಗೆ ಮೊದಲಿನ ಹಾಗೆ ಕೇಳಿಸ್ತಿಲ್ಲ.

ಗೆದ್ದದ್ದೂ ಬೇಕಾದಷ್ಟಿದೆ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಧ್ವನಿಮುದ್ರಣ. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಜೊತೆ ಹಾಡಿದರು. ಅವರ ಚಿತ್ರ ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣದ ಮೇಲೂ ಬಂತು. ಆಮೇಲೆ ಮತ್ತೆ ಮೊಕದ್ದಮೆ, ನಂಬಿದವರಿಂದಲೇ ಮೋಸ, ಊರಿಂದ ಊರಿಗೆ ಅಲೆದಾಟ. ಇದನ್ನ ಸಿನಿಮಾ ಕಥೆ ಥರ ಎಳೆದು ಹೇಳೋರು ಬೇಕಾದಷ್ಟು ಜನ ಇದ್ದಾರೆ, ನಾನು ಮೈಸೂರಿಗೆ ಬರ್ತೀನಿ.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನ ಕರ್ನಾಟಕ ಸಂಗೀತಕ್ಕೆ ಮಾತ್ರ ಅಂತ ನಮಗೆ ಒಂದು ಕಲ್ಪನೆ ಇರುತ್ತೆ. ಹಾಗೇನಿಲ್ಲ. ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ', ಸಂಗೀತದ ಸೂರ್ಯ ಅನ್ನೋ ಬಿರುದು ಕೊಟ್ಟದ್ದು ಮೈಸೂರು. ಅಬ್ದುಲ್ ಕರೀಂ ಖಾನರು ಇಲ್ಲಿಗೆ ಬಂದು ಹೋಗ್ತಿದ್ದವರು. ಗೌಹರ್ ಜಾನ್ ಅವರನ್ನು ಆಸ್ಥಾನ ಸಂಗೀತಗಾರ್ತಿಯಾಗಿ ನೇಮಿಸಿದ್ದು 1928ರ ಆಗಸ್ಟ್ 1ರಂದು. ತಿಂಗಳಿಗೆ 500 ರೂಪಾಯಿ, ಇರೋಕೆ ದಿಲ್‌ಖುಷ್ ಕಾಟೇಜ್. ಹದಿನೆಂಟು ತಿಂಗಳೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. 56 ವರ್ಷ. ಇವತ್ತು ನಾವು ಕೆ.ಆರ್. ಆಸ್ಪತ್ರೆ ಅಂತೀವಲ್ಲ, ಅದೇ. ಎಷ್ಟು ಸಲ ಅದರ ಮುಂದೆ ಆಟೋದಲ್ಲಿ ಹೋಗಿದ್ದೀನೋ ಲೆಕ್ಕ ಇಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಬಡತನಕ್ಕಿಂತ ಇನ್ನೊಂದು ವಿಷಯಕ್ಕೆ. 1925ರ ಸುಮಾರಿಗೆ ಅಮೆರಿಕ, ಇಂಗ್ಲೆಂಡಿನಲ್ಲಿ ಕೊಂಬು ಹೋಗಿ ವಿದ್ಯುತ್ ಮೈಕ್ ಬಂತು, ಕೆಲವೇ ವರ್ಷದಲ್ಲಿ ಇಲ್ಲಿಗೂ ಬಂತು. ಇನ್ನು ಅರಚಬೇಕಿರಲಿಲ್ಲ, ಉಸಿರಿನ ಸದ್ದೂ ದಾಖಲಾಗ್ತಿತ್ತು. ಆ ಹೊತ್ತಿಗೆ ಗೌಹರ್ ಜಾನ್ ಅವರ ರೆಕಾರ್ಡಿಂಗ್ ದಿನಗಳು ಮುಗಿದಿದ್ದವು, 1920ರ ಹೊತ್ತಿಗೇ. ಹಾಗಾಗಿ ನಮ್ಮ ಬಳಿ ಇರೋದು ಕೊಂಬಿಗೆ ಕೂಗಿ ಹಾಡಿದ ಗೌಹರ್ ಜಾನ್ ಮಾತ್ರ. ರಾತ್ರಿ ಹೊತ್ತಿನ ಬೈಠಕ್‌ನಲ್ಲಿ ಹತ್ತಿಪ್ಪತ್ತು ಜನರ ಎದುರು ಮೆತ್ತಗೆ ಠುಮ್ರಿ ಹಾಡಿದ ಗೌಹರ್ ಜಾನ್ ಹೇಗಿದ್ದರು? ಮೈಸೂರಿನಲ್ಲಿ, ಐವತ್ತೈದರ ವಯಸ್ಸಿನಲ್ಲಿ, ದನಿ ಹೇಗೆ ಮಾಗಿತ್ತು? 600 ಧ್ವನಿಮುದ್ರಣ ಇದ್ದೂ ಆ ದನಿ ಇಲ್ಲ.

ಈಗ ಹುಬ್ಬಳ್ಳಿ. ಅಬ್ದುಲ್ ಕರೀಂ ಖಾನರು ಮೈಸೂರಿಗೆ ಬಂದು ಹೋಗುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ಕಡೆ ಉಳೀತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾದರು, ಮುಂದೆ ಸವಾಯಿ ಗಂಧರ್ವ ಅಂತ ಹೆಸರಾದರು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್. ಈ ಸಾಲನ್ನ ಸಂಗೀತದ ಪುಸ್ತಕಗಳು ಹೇಳುತ್ತವೆ. ಇನ್ನೊಬ್ಬ ಗುರುವನ್ನ ಅಷ್ಟಾಗಿ ಹೇಳಲ್ಲ, ಗ್ರಾಮಫೋನ್. ಚಿಕ್ಕ ಹುಡುಗಿ ಗಂಗೂಬಾಯಿ ಬೀದಿಯಲ್ಲಿ ಗ್ರಾಮಫೋನ್ ಸದ್ದು ಕೇಳಿದರೆ ಹೊರಗೆ ಓಡ್ತಿದ್ದರಂತೆ, ಕೇಳಿದ್ದನ್ನ ಮನೆಗೆ ಬಂದು ಹಾಡಿ ನೋಡ್ತಿದ್ದರಂತೆ. ಗದಗದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿಯೇ ಹುಚ್ಚು ಹಿಡಿಸಿಕೊಂಡು ಮನೆ ಬಿಟ್ಟದ್ದು ನಿಮಗೆ ಗೊತ್ತೇ ಇದೆ. ಕಂಪನಿ ಪ್ಲೇಟು ಮಾರಿತು, ನಮ್ಮ ಕಡೆಯ ಮಕ್ಕಳು ಅದರಲ್ಲಿ ಪಾಠ ಹೇಳಿಸಿಕೊಂಡರು.

1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಸ್ವಾಗತದ ಹಾಡು ಹಾಡಿದರು. ಹಾಡೋಕೆ ಹೆದರಿಕೆ ಇರಲಿಲ್ಲವಂತೆ. ಹೆದರಿಕೆ ಇದ್ದದ್ದು ಊಟಕ್ಕೆ. ಕೆಳಜಾತಿಯವಳು ಅಂತ ಉಂಡ ಎಲೆ ಎತ್ತೋಕೆ ಹೇಳಿದರೆ ಏನು ಮಾಡೋದು ಅಂತ. ದೊಡ್ಡವರಾದ ಮೇಲೆ ಅವರೇ ನೆನಪಿಸಿಕೊಂಡ ವಿಷಯ ಇದು. ಬೀದಿಯಲ್ಲಿ ನಡೆದರೆ 'ಹಾಡುವವಳು' ಅಂತ ಹಂಗಿಸೋ ಜನರೂ ಇದ್ದರು.

1930ರ ದಶಕದಲ್ಲಿ ಅವರ ಪ್ಲೇಟುಗಳು ಬಂದವು. ಲೇಬಲ್ ಮೇಲೆ ಗಂಗೂಬಾಯಿ ಅಂತ ಇಲ್ಲ. 'ಗಾಂಧಾರಿ' ಅಂತಿದೆ, ಪಕ್ಕದಲ್ಲಿ ಊರಿನ ಹೆಸರು ಹುಬ್ಬಳ್ಳಿ. ಕಂಪನಿ ಇಟ್ಟ ಹೆಸರು. ಹಾಡಿನ ಕೊನೆಗೆ ಹೆಸರು ಕೂಗುವ ಪದ್ಧತಿ ಆ ಹೊತ್ತಿಗೆ ಹೋಗಿತ್ತು, ಲೇಬಲ್ ಏನು ಹೇಳುತ್ತೋ ಅದೇ ಹೆಸರು. ಮಾರುಕಟ್ಟೆಗೆ ಯಾವ ಹೆಸರು ಚೆಂದ ಅಂತ ಅವರು ಲೆಕ್ಕ ಹಾಕಿರಬಹುದು, ಬ್ರ್ಯಾಂಡಿಂಗ್ ಅನ್ನೋ ಪದ ನಾನೂ ಕಾಲೇಜಲ್ಲಿ ಓದಿದ್ದೀನಿ. ಆದರೂ ನನಗೆ ಇದು ಸರಿ ಅನ್ನಿಸಲ್ಲ. ಹಾಡಿದ್ದಕ್ಕೇ ಹಂಗಿಸಿಕೊಂಡ ಹುಡುಗಿಯ ಹಾಡು ದೇಶಕ್ಕೆಲ್ಲ ಹೋಗುವಾಗ ಅವಳ ಹೆಸರು ಜೊತೆಗೆ ಹೋಗಬೇಕಿತ್ತು.

ಮತ್ತೆ ಆ ದನಿ! ಗಂಗೂಬಾಯಿ ಅಂದ ತಕ್ಷಣ ನಮಗೆ ನೆನಪಾಗೋದು ಆ ಗಂಡುದನಿಯಂಥ ಗಟ್ಟಿ, ಆಳದ ಕಂಠ. ಗಾಂಧಾರಿಯ ಪ್ಲೇಟು ಹಾಕಿದರೆ ಸಣ್ಣ, ಎತ್ತರದ, ಬಳಕುವ ಎಳೆಯ ದನಿ. ನಮ್ಮ ದೊಡ್ಡಮ್ಮ ರೇಡಿಯೋದಲ್ಲಿ ಗಂಗೂಬಾಯಿ ಅವರನ್ನ ಕೇಳುತ್ತಾ ಬೆಳೆದವರು. ಅವರಿಗೆ ಫೋನಿನಲ್ಲಿ ಕೇಳಿಸಿದೆ. "ಯಾರೋ ನಾಟಕ ಕಂಪನಿ ಹುಡುಗಿ ಕಣೋ ಇದು" ಅಂದರು, ಎಷ್ಟು ಹೇಳಿದರೂ ಒಪ್ಪಲಿಲ್ಲ. ಮುಂದೆ ಟಾನ್ಸಿಲ್ ತೊಂದರೆಗೆ ಆದ ಚಿಕಿತ್ಸೆಯ ನಂತರ ಗಂಗೂಬಾಯಿ ಅವರ ದನಿ ಕೆಳಗಿಳಿಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಹಾಡು ಬಿಡ್ತಿದ್ದರೇನೋ. ಅವರು ಆ ಇಳಿದ ದನಿಯನ್ನೇ ಹಿಡಿದು, ಸ್ವರದ ಮೇಲೆ ನಿಧಾನವಾಗಿ ನಿಲ್ಲುತ್ತಾ, ನಾವು ಈಗ ಗಂಗೂಬಾಯಿ ಅಂತ ಕರೆಯೋ ಸಂಗೀತ ಕಟ್ಟಿದರು. 2002ರಲ್ಲಿ ಪದ್ಮವಿಭೂಷಣ ಬಂತು, 2009ರಲ್ಲಿ ತೀರಿಕೊಂಡಾಗ 96 ವರ್ಷ.

ಗೌಹರ್ ಜಾನ್ ವಿಷಯದಲ್ಲಿ ಹೆಸರು ಉಳಿಯಿತು, ದನಿಯ ಅರ್ಧ ಹೋಯಿತು. ಗಂಗೂಬಾಯಿ ಅವರದ್ದು ಉಲ್ಟಾ. ಮೈಯಿಂದ ಹೋದ ದನಿ ಅರಗಿನ ತಟ್ಟೆಯಲ್ಲಿ ಹಾಗೇ ಕೂತಿದೆ, ಬೇರೆ ಹೆಸರಿನ ಕೆಳಗೆ. ಫೋನಿನಲ್ಲಿ 'ಗಂಗೂಬಾಯಿ ಹಾನಗಲ್' ಅಂತ ಹುಡುಕಿದರೆ ಬರೋದು ಹೆಚ್ಚಾಗಿ ಆಮೇಲಿನ ಕಚೇರಿಗಳು. ಹಳೆಯ ದನಿ ಬೇಕಿದ್ದರೆ 'ಗಾಂಧಾರಿ ಹುಬ್ಬಳ್ಳಿ', 'ಗಾಂಧಾರಿ ಹಾನಗಲ್' ಅಂತ ಹಾಕಿ ನೋಡಿ. ಜಿ.ಎನ್. ಜೋಶಿ ಅವರ ಜೊತೆ ಹಾಡಿದ ಮರಾಠಿ ಯುಗಳಗೀತೆಯೂ ಇದೆ, ಲಘುವಾದ ಹಾಡು, ಶುರು ಮಾಡೋಕೆ ಅದು ಸುಲಭ. ಅದಾದ ಮೇಲೆ ಒಂದು ಖಯಾಲ್ ಪ್ಲೇಟು. ಆಮೇಲೆ 1970ರ ನಂತರದ ಯಾವುದಾದರೂ ಒಂದು ದೀರ್ಘ ಕಚೇರಿ ಹಾಕಿ, ಅರ್ಧಕ್ಕೆ ನಿಲ್ಲಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಹೆಸರು ಹೇಳದೆ ಮೊದಲು ಅವರಿಗೆ ಕೇಳಿಸಿ, ಯಾರ ದನಿ ಅಂದರು ಅಂತ ನನಗೆ ಬರೆದು ತಿಳಿಸಿ. ದೊಡ್ಡಮ್ಮನಿಗೆ ಓದಿ ಹೇಳಬೇಕು.